ಮನೆಯ ಪುಳಿಯೋಗರೆ ಗೊಜ್ಜನ್ನು ಆನ್‌ಲೈನ್‌ನಲ್ಲಿ ಮಾರುವುದು ಹೇಗೆ?

ನಿಮ್ಮ ಕೈಯ ಗೊಜ್ಜು ತಿಂದವರೆಲ್ಲ "ಇದನ್ನ ಮಾರಬಹುದಲ್ವಾ?" ಅಂತಾರೆ. ಅಡುಗೆ ವಿಡಿಯೊ ಹಾಕಿದರೆ ಹೊಗಳಿಕೆಯೂ ಬರುತ್ತದೆ. ಆದರೆ ಹೊಗಳಿದವರೆಲ್ಲ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ನಿಮ್ಮ ಮುಖವನ್ನೇ ನೋಡದವರು ಒಮ್ಮೆ ತರಿಸಿಕೊಂಡು, ಮತ್ತೆ ಕೇಳಿದರೆ ಅದು ವ್ಯಾಪಾರ.

ತುಮಕೂರಿನವರಿಗೆ ಒಂದು ಅನುಕೂಲ ಇದೆ. ಹುಣಸೆಹಣ್ಣಿನ ಮಾರುಕಟ್ಟೆ ಊರಲ್ಲೇ ಇದೆ, ಕೊಬ್ಬರಿಗೆ ತಿಪಟೂರು ಇದೆ.

ಒಂದೇ ತಿನಿಸು ಸಾಕು

ಗೊಜ್ಜು, ಚಟ್ನಿಪುಡಿ, ಹಪ್ಪಳ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಗೊಜ್ಜು ಒಳ್ಳೆಯ ಆರಂಭ. ಹುಳಿ, ಉಪ್ಪು, ಎಣ್ಣೆ ಸೇರಿ ಅದನ್ನು ಕೆಡದಂತೆ ಕಾಯುತ್ತವೆ. ಕೊಬ್ಬರಿ ಮಾತ್ರ ಬೆರೆಸಬೇಡಿ, ಬೇಗ ಕಮಟು ಹಿಡಿಯುತ್ತದೆ. ತಿನ್ನುವವರು ಆಮೇಲೆ ಮೇಲೆ ಉದುರಿಸಿಕೊಳ್ಳಲಿ.

ಅಳತೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೈ ಅಂದಾಜು ಮನೆಗೆ ಸರಿ, ಗಿರಾಕಿಗೆ ಪ್ರತಿ ಸಲವೂ ಅದೇ ರುಚಿ ಬೇಕು. ಹೊಸ ಹುಣಸೆ ಸುಮಾರಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬರುತ್ತದೆ. ಹಳೆಯದಾದಷ್ಟೂ ಕಪ್ಪಾಗುತ್ತದೆ, ಗೊಜ್ಜಿನ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಆಗಲೇ ವರ್ಷಕ್ಕೆ ಬೇಕಾದಷ್ಟು ಕೊಂಡು, ಬೀಜ, ನಾರು ತೆಗೆದು ಇಟ್ಟುಕೊಳ್ಳಿ.

ಬೆಲೆ ಹಾಕುವಾಗ ನಾಚಿಕೆ ಬೇಡ

ಹೆಚ್ಚಿನವರು ಸೋಲುವುದು ಇಲ್ಲೇ. ಸಾಮಾನಿನ ಖರ್ಚಿಗೆ ಸ್ವಲ್ಪ ಸೇರಿಸಿ ಬೆಲೆ ಹೇಳಿಬಿಡುತ್ತಾರೆ. ಉದಾಹರಣೆಗೆ 250 ಗ್ರಾಂ ಬಾಟಲಿಗೆ ಸಾಮಾನು 70 ರೂಪಾಯಿ, ಬಾಟಲಿ, ಮುಚ್ಚಳ, ಲೇಬಲ್ 25, ಗ್ಯಾಸು, ಕರೆಂಟು 10, ಡಬ್ಬ, ಟೇಪು 15 ಅಂತಿಟ್ಟುಕೊಳ್ಳಿ. ಒಟ್ಟು 120. ಇದಕ್ಕೆ ನಿಮ್ಮ ಕೂಲಿ 40 ಸೇರಿಸಿದರೆ 160. ನಿಂತು ಕಲಸಿದ ಹೊತ್ತಿಗೆ ಬೆಲೆ ಕಟ್ಟದಿದ್ದರೆ ಸುಮ್ನೆ ಊರಿಗೆಲ್ಲ ಸೇವೆ ಮಾಡಿದಂತೆ. ಒಡೆದದ್ದು, ಕೆಟ್ಟದ್ದು, ಸಾಮಾನು ತುಟ್ಟಿಯಾಗುವುದು, ಇವಕ್ಕೂ ಜಾಗ ಬಿಟ್ಟು 220ಕ್ಕೆ ಇಡಿ. ಕೊರಿಯರ್ ಖರ್ಚನ್ನು ಬೇರೆಯೇ ಹೇಳಿ. ಮುಂದೆಂದಾದರೂ ಕೊಬ್ಬರಿ ಚಟ್ನಿಪುಡಿ ಮಾಡಿದರೆ ಈ ಲೆಕ್ಕ ಇನ್ನೂ ಬಿಗಿ ಇರಬೇಕು. 2025ರಲ್ಲಿ ತಿಪಟೂರಿನಲ್ಲಿ ಕ್ವಿಂಟಲ್ ಕೊಬ್ಬರಿ 25 ಸಾವಿರ ರೂಪಾಯಿ ದಾಟಿದ್ದು ನೆನಪಿದೆಯಲ್ಲ?

ಕಾಗದಪತ್ರ

ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಬೇಕು. ಅದರದ್ದೇ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಣ್ಣ ವ್ಯಾಪಾರದ ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ. ಜೊತೆಗೆ ಬಳಸಿದ ಸಾಮಾನು (ಜಾಸ್ತಿ ತೂಕದ್ದು ಮೊದಲು), ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ವಿಳಾಸ ಮತ್ತು ಸಸ್ಯಾಹಾರದ ಹಸಿರು ಚುಕ್ಕಿ ಇರಲಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಉಚಿತ. ದುಡ್ಡು ಕೊಡಿ, ಮಾಡಿಸಿಕೊಡ್ತೀವಿ ಅನ್ನುವವರನ್ನು ನಂಬಬೇಡಿ.

ಪ್ಯಾಕಿಂಗ್

ಎಣ್ಣೆ ಸೋರಿದ ಪಾರ್ಸಲ್ ಪಡೆದವರು ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಗೊಜ್ಜು ಪೂರ್ತಿ ಆರಿದ ಮೇಲೆ, ಒಣಗಿದ ಬಾಟಲಿಗೆ ತುಂಬಿ. ಹುಣಸೆ ಹುಳಿಗೆ ಕಬ್ಬಿಣದ ಮುಚ್ಚಳ ತುಕ್ಕು ಹಿಡಿಯಬಹುದು, ಪ್ಲಾಸ್ಟಿಕ್ ಮುಚ್ಚಳ ಮೇಲು. ಬಾಯಿಗೆ ಸೀಲ್ ಹಾಕಿ, ಬಾಟಲಿಯನ್ನು ಜಿಪ್ ಕವರಿನಲ್ಲಿಟ್ಟು, ಆಮೇಲೆ ರಟ್ಟಿನ ಡಬ್ಬ. ಮೊದಲ ಪಾರ್ಸಲನ್ನು ದೂರದ ನೆಂಟರಿಗೆ ಕಳಿಸಿ, ಹೇಗೆ ತಲುಪಿತು ಅಂತ ಫೋಟೊ ತರಿಸಿ. ಸ್ಪೀಡ್ ಪೋಸ್ಟಿನ ದರವನ್ನೂ ಕೊರಿಯರ್‌ನವರ ದರವನ್ನೂ ಒಮ್ಮೆ ಹೋಲಿಸಿ ನೋಡಿ.

ಮಾರಾಟ

ವೆಬ್‌ಸೈಟ್ ಈಗಲೇ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬೆಲೆ ಸಮೇತ ಕ್ಯಾಟಲಾಗ್ ಮಾಡಿ, ಯುಪಿಐನಲ್ಲಿ ದುಡ್ಡು ಬಂದ ಮೇಲೆಯೇ ಕಳಿಸಿ. ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ, ಇಲ್ಲದಿದ್ದರೆ ಲಾಭ ಮನೆ ಖರ್ಚಿನಲ್ಲಿ ಕರಗಿಹೋಗುತ್ತದೆ. ಫೋಟೊವನ್ನು ಹಗಲು ಬೆಳಕಿನಲ್ಲಿ, ಬಿಳಿ ಅನ್ನದ ಪಕ್ಕ ಗೊಜ್ಜಿಟ್ಟು ತೆಗೆಯಿರಿ.

ಚೆನ್ನೈ, ಮುಂಬೈಯವರು ಕೇಳಿದರೆ ತಕ್ಷಣ ಒಪ್ಪಿಕೊಳ್ಳಬೇಡಿ. ಸರಕನ್ನು ಬೇರೆ ರಾಜ್ಯಕ್ಕೆ ಮಾರಲು ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಮೊದಲು ಕರ್ನಾಟಕದೊಳಗೇ ಮಾರಿ. ಹೊರಗಿನ ಬೇಡಿಕೆ ತಿಂಗಳು ತಿಂಗಳೂ ಬರತೊಡಗಿದಾಗ ಒಬ್ಬ ಲೆಕ್ಕಿಗರನ್ನು ಕೇಳಿ ನೋಂದಣಿ ಮಾಡಿಸಿ.