ಹಳೇಬೀಡಿನ ಕಂಬದ ಮುಂದೆ ಒಂದು ಗಂಟೆ

ಹಾಸನದಲ್ಲಿ ಟೂರಿಸ್ಟ್ ಕಾರು ಓಡಿಸುತ್ತೇನೆ. ಮೊದಲೆಲ್ಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತಿದ್ದೆ. ಬೇಲೂರು ಗುಡಿ 1117, ಹೊಯ್ಸಳ ರಾಜ ವಿಷ್ಣುವರ್ಧನ ಅಂತ ಬಾಯಿಪಾಠ ಒಪ್ಪಿಸುತ್ತಿದ್ದೆ. ಒಮ್ಮೆ ಒಬ್ಬ ಅಜ್ಜಿಯನ್ನು ಹಳೇಬೀಡಿನಿಂದ ಅರ್ಧ ಗಂಟೆಗೇ ಹೊರಡಿಸಿಕೊಂಡು ಬಂದೆ. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟಕ್ಕೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಅವರಿಗೆ ಹತ್ತಲು ಆಗಲಿಲ್ಲ. ಮನೆಯವರು ಇಳಿದು ಬರುವವರೆಗೂ ಬಿಸಿಲಲ್ಲಿ ಕೆಳಗೇ ಕೂತಿದ್ದರು. "ಅಲ್ಲೇ ಬಿಟ್ಟಿದ್ರೆ ಇನ್ನೊಂದು ಸುತ್ತು ಹಾಕ್ತಿದ್ನಲ್ಲ ಮಗಾ" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಈಗ ಶ್ರವಣಬೆಳಗೊಳಕ್ಕೆ ಬೇರೆ ದಿನ. ಅದರ ದಿಕ್ಕೇ ಬೇರೆ. ವಯಸ್ಸಾದವರಿದ್ದರೆ ಬೆಟ್ಟಕ್ಕೆ ಹೊತ್ತೊಯ್ಯುವ ಡೋಲಿಯ ವಿಷಯ ಮೊದಲೇ ಹೇಳುತ್ತೇನೆ. ಬಾಡಿಗೆಯನ್ನೂ ಕಿಲೋಮೀಟರ್ ಬಿಟ್ಟು ದಿನದ ಲೆಕ್ಕಕ್ಕೆ ಮಾಡಿಕೊಂಡೆ. ಇಲ್ಲದಿದ್ದರೆ ಗಾಡಿ ನಿಂತಷ್ಟೂ ನನಗೇ ಅವಸರ ಶುರುವಾಗುತ್ತಿತ್ತು.

ಇನ್ನೊಂದು ರೂಢಿ ಮಾಡಿಕೊಂಡೆ. ಏನು ನೋಡ್ತೀರಿ ಅಂದರೆ ಎಲ್ಲರೂ "ಎಲ್ಲಾ ನೋಡಬೇಕು" ಅಂತಲೇ ಹೇಳುತ್ತಾರೆ. ಅದಕ್ಕೇ ಏನು ಕೆಲಸ ಮಾಡ್ತೀರಿ ಅಂತ ಕೇಳುತ್ತೇನೆ.

ಹೋದ ವರ್ಷ ಬಂದವರು ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಮೇಲೆ, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರದ ಮೇಲೆ, ದುಡಿದು ರಿಟೈರ್ ಆದವರು. ಅವರನ್ನು ಹಳೇಬೀಡಿನ ಗುಡಿಯ ಹೊರಗಿನ ಶಿಲ್ಪಗಳ ಹತ್ತಿರ ನಿಲ್ಲಿಸಲೇ ಇಲ್ಲ. ಸೀದಾ ಒಳಗೆ, ಲೇತ್‌ನಲ್ಲಿ ತಿರುಗಿಸಿ ಕಡೆದ ಹಾಗಿರುವ ದುಂಡು ಕಂಬಗಳ ಹತ್ತಿರ ಕರೆದೊಯ್ದೆ. ಕಂಬದ ಮೈ ನುಣ್ಣಗೆ ಹೊಳೆಯುತ್ತಿತ್ತು. ಬಳೆ ಜೋಡಿಸಿದ ಹಾಗೆ ಸುತ್ತಲೂ ಗೆರೆ. ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ, ಒಂದೊಂದೇ ಗೆರೆ ನೋಡಿದರು. ಮುಟ್ಟಲಿಲ್ಲ. ಬೆರಳೆರಡನ್ನು ಗಾಳಿಯಲ್ಲೇ ಅಗಲಿಸಿ ಅಳತೆ ಹಿಡಿದರು. "ಇಷ್ಟು ತೂಕದ ಕಲ್ಲಿಗೆ ಸೆಂಟರ್ ಹೇಗಪ್ಪಾ ಹಿಡಿದ್ರು?" ಅಂದರು. ಇದು ಬಳಪದ ಕಲ್ಲು, ನೆಲದಿಂದ ತೆಗೆದಾಗ ಮೆದು, ಗಾಳಿ ತಾಗುತ್ತಾ ಗಟ್ಟಿಯಾಗುತ್ತೆ ಅಂದೆ. "ಮೆದು ಆದ್ರೂ ಸೆಂಟರ್ ಸೆಂಟರೇ ಅಲ್ವಾ" ಅಂತ ಮುಂದಿನ ಕಂಬಕ್ಕೆ ಹೋದರು. ಒಂದು ಗಂಟೆ ಕಳೆಯಿತು. ನಾನು ಗಡಿಯಾರ ನೋಡಲಿಲ್ಲ.

ಅವರ ಹೆಂಡತಿ ನಂದಿ ಮಂಟಪದ ನೆರಳಲ್ಲಿ ಸುಮ್ನೆ ಕೂತಿದ್ದರು. ಕರೆಯಲು ಹೋದರೆ, "ಇಲ್ಲಿ ಯಾರೂ ನನ್ನನ್ನ ಕಾಫಿ ಕೇಳಲ್ಲ, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ" ಅಂದರು. ಮೊಮ್ಮಗ ಗೋಡೆಯ ಕೆಳಗಿನ ಸಾಲಿನ ಆನೆ ಎಣಿಸುತ್ತಾ ಹೋಗಿ, ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದ.

ಹೊರಡುವಾಗ ಬೇಲೂರಿನ ನರಸಿಂಹ ಕಂಬ ಹಿಂದೊಂದು ಕಾಲಕ್ಕೆ ತಿರುಗುತ್ತಿತ್ತಂತೆ ಸರ್ ಅಂದೆ.

"ತಿರುಗ್ತಿತ್ತಾ? ಮೊದಲೇ ಹೇಳೋದಲ್ವೇನಪ್ಪಾ!" ಎಂದವರೇ ಚಪ್ಪಲಿ ಹುಡುಕಲು ಹೊರಟರು.