ಪ್ರೋಟಾನ್ ಚಿಕಿತ್ಸೆಯನ್ನು ಯಾವುದರೊಂದಿಗೆ ಹೋಲಿಸಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆಯ ಕುಟುಂಬಗಳು ಆಪರೇಷನ್ ಮಾಡಿಸುವುದೋ, ಕೀಮೋ ಕೊಡಿಸುವುದೋ, ಪ್ರೋಟಾನ್‌ಗೆ ಹೋಗುವುದೋ ಎಂದು ಕೇಳುವುದುಂಟು. ಈ ಮೂರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶಸ್ತ್ರಚಿಕಿತ್ಸೆ ಗಡ್ಡೆಯನ್ನು ತೆಗೆಯುತ್ತದೆ, ಕೀಮೋ ಔಷಧ ರಕ್ತದೊಂದಿಗೆ ಮೈಯೆಲ್ಲ ಹರಿಯುತ್ತದೆ, ಪ್ರೋಟಾನ್ ಎಂಬುದು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯದೇ ಒಂದು ಬಗೆ. ಆದ್ದರಿಂದ ರೋಗಿಗೆ ವಿಕಿರಣ ಬೇಕೇ ಎಂಬುದನ್ನು ಮೊದಲು ವೈದ್ಯರಿಂದ ತಿಳಿಯಿರಿ. ಬೇಕೆಂದಾದರೆ ಹೋಲಿಕೆ ವಿಕಿರಣ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಸುವ ಕ್ಷ-ಕಿರಣದ (ಎಕ್ಸ್-ರೇ) ಜೊತೆಗೆ ಮಾತ್ರ.

ಕ್ಷ-ಕಿರಣವು ಚರ್ಮದ ಸ್ವಲ್ಪ ಕೆಳಗೆ ಹೆಚ್ಚಿನ ಶಕ್ತಿಯನ್ನು ಬಿಟ್ಟು, ಗಡ್ಡೆಯನ್ನು ದಾಟಿ, ಕ್ಷೀಣಿಸುತ್ತ ದೇಹದ ಆಚೆ ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಕಣವಾದರೋ ದಾರಿಯಲ್ಲಿ ಕಡಿಮೆ ಶಕ್ತಿ ಬಿಟ್ಟು, ನಿಲ್ಲುವ ಗಳಿಗೆಯಲ್ಲಿ ಉಳಿದದ್ದನ್ನೆಲ್ಲ ಸುರಿದು ಅಲ್ಲೇ ನಿಲ್ಲುತ್ತದೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಸೂಚಿಸಿದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ನೀಡಲಾಯಿತು.

ಮಿದುಳಿನ ಕೆಲವು ಗಡ್ಡೆಗಳಿರುವ ಮಗುವಿಗೆ ಬೆನ್ನುಹುರಿಯುದ್ದಕ್ಕೂ ವಿಕಿರಣ ಕೊಡಬೇಕಾಗುತ್ತದೆ. ಬೆನ್ನಿನ ಕಡೆಯಿಂದ ಕೊಟ್ಟ ಕ್ಷ-ಕಿರಣ ಹೃದಯ, ಕರುಳುಗಳನ್ನೂ ಹಾದುಹೋಗುತ್ತದೆ. ಪ್ರೋಟಾನನ್ನು ಬೆನ್ನುಮೂಳೆಯ ಬಳಿಯೇ ನಿಲ್ಲಿಸಬಹುದು. ಇನ್ನೂ ಹಲವು ದಶಕ ಬಾಳಬೇಕಾದ ಮಗುವಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ತಲೆಬುರುಡೆಯ ತಳದ ಗಡ್ಡೆಗೂ ಕಣ್ಣಿನ ಕೆಲವು ಗಡ್ಡೆಗಳಿಗೂ ಇದೇ ಮಾತು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಹಾಗಲ್ಲ: 2024ರಲ್ಲಿ ಫಲಿತಾಂಶ ಹೊರಬಂದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ, ಚಿಕಿತ್ಸೆಯ ಎರಡು ವರ್ಷಗಳ ನಂತರ ಕರುಳಿನ ತೊಂದರೆಯ ವಿಷಯದಲ್ಲಿ ಪ್ರೋಟಾನ್‌ಗೂ ಆಧುನಿಕ ಕ್ಷ-ಕಿರಣ ಚಿಕಿತ್ಸೆಗೂ ಗಣನೀಯ ಅಂತರ ಕಾಣಲಿಲ್ಲ. ಉಸಿರಾಟದೊಂದಿಗೆ ಅಲುಗಾಡುವ ಶ್ವಾಸಕೋಶದ ಗಡ್ಡೆಯಲ್ಲಿ ಪ್ರೋಟಾನ್ ನಿಲ್ಲುವ ಜಾಗವೇ ಸರಿಯುವ ಅಪಾಯವಿದೆ.

ಹೋಲಿಸಲು ನಾನು ಹೇಳುವ ದಾರಿ ಒಂದೇ. ರೋಗಿಯದೇ ಸ್ಕ್ಯಾನ್ ಮೇಲೆ ಎರಡೂ ಬಗೆಯ ಪ್ಲ್ಯಾನ್ ಹಾಕಿ ತೋರಿಸುವಂತೆ ವಿಕಿರಣ ತಜ್ಞರನ್ನು ಕೇಳಿರಿ. ಪರದೆಯ ಮೇಲೆ ಗಡ್ಡೆಯ ಸುತ್ತ ಕೆಂಪು, ಹಳದಿ, ನೀಲಿ ಬಣ್ಣಗಳು ಪದರಪದರವಾಗಿ ಹರಡಿರುತ್ತವೆ. ಸಾಮಾನ್ಯವಾಗಿ ಕೆಂಪು ಹೆಚ್ಚಿನ ಪ್ರಮಾಣ, ನೀಲಿ ಕಡಿಮೆ. ಆ ನೀಲಿ ಎಲ್ಲಿಯವರೆಗೆ ಹಬ್ಬಿದೆ, ಹೃದಯಕ್ಕೆ, ಬೆನ್ನುಹುರಿಗೆ, ಜೊಲ್ಲುಗ್ರಂಥಿಗೆ ಎಷ್ಟು ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಏಕಮಾನ) ತಗಲುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅಂತರ ಅಲ್ಪವಾಗಿದ್ದರೆ ಹತ್ತಿರದ ಊರಿನಲ್ಲಿ ತಪ್ಪದೆ ಮುಗಿಸಬಹುದಾದ ಕ್ಷ-ಕಿರಣ ಚಿಕಿತ್ಸೆಯೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಬಾಯಿ, ಗಂಟಲಿನ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ನಡುವೆ ನಿಂತರೆ ಗುಣವಾಗುವ ಸಾಧ್ಯತೆಯೇ ತಗ್ಗುತ್ತದೆ.

ದೇಶದಲ್ಲಿ ಪ್ರೋಟಾನ್ ಸೌಲಭ್ಯ ಚೆನ್ನೈನ ಅಪೋಲೋದಲ್ಲಿ 2019ರಿಂದಲೂ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದಲ್ಲಿ 2023ರಿಂದಲೂ ಇದೆ. ವಾರಕ್ಕೆ ಐದು ದಿನದಂತೆ ಆರು ವಾರ ಹಿಡಿಯುವುದುಂಟಾದ್ದರಿಂದ ಚಳ್ಳಕೆರೆಯಿಂದಲೋ ಹರಿಹರದಿಂದಲೋ ಹೊರಡುವವರು ವಸತಿ, ಊಟ, ಜೊತೆಗಿರುವವರ ಕೂಲಿನಷ್ಟ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೊರಡುವ ಮುನ್ನ ಬಯಾಪ್ಸಿ ವರದಿಯನ್ನೂ ಸ್ಕ್ಯಾನ್ ಸಿಡಿಗಳನ್ನೂ ಒಂದೇ ಫೈಲಿನಲ್ಲಿಡಿ. ಆಯುಷ್ಮಾನ್ ಕಾರ್ಡ್ ಅಥವಾ ವಿಮೆ ಈ ಚಿಕಿತ್ಸೆಗೆ ಅನ್ವಯಿಸುತ್ತದೆಯೇ ಎಂಬುದಕ್ಕೆ ಬಾಯಿಮಾತಿನ ಉತ್ತರವನ್ನು ಒಪ್ಪದೆ ಬರಹದಲ್ಲಿ ಪಡೆದುಕೊಳ್ಳಿ.