ಔಟಾದ ಮಗುವನ್ನು ಕೂರಿಸಬೇಡಿ: ಪುಟ್ಟ ಮಕ್ಕಳನ್ನು ಆಡಿಸುವ ಬಗೆ

ಮದ್ದೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ, ಅಂದರೆ ಆಡುತ್ತಾ ಕಲಿಯುವ ಪುಟ್ಟ ತರಗತಿಯ ಮಕ್ಕಳ ಟೀಚರ್. ನಮ್ಮಲ್ಲಿ ಪಿಟಿ ಮೇಷ್ಟ್ರಿಲ್ಲ. ಇಲ್ಲದಿದ್ದರೂ ಮಕ್ಕಳನ್ನು ಚೆನ್ನಾಗಿ ಆಡಿಸಬಹುದು. ಆಟ ಶುರುವಾದ ಮೇಲೆ ಒಮ್ಮೆ ಸುತ್ತ ಕಣ್ಣಾಡಿಸಿ. ಎಷ್ಟು ಮಕ್ಕಳು ಸುಮ್ನೆ ಕೂತಿದ್ದಾರೆ?

ಕೆರೆ-ದಡವನ್ನೇ ತಗೊಳ್ಳಿ. 'ಕೆರೆ' ಅಂದಾಗ ಗೆರೆಯೊಳಗೆ ಜಿಗಿಯಬೇಕು, 'ದಡ' ಅಂದಾಗ ಹೊರಗೆ. ತಪ್ಪಿದವರು ಔಟ್. ಮೊದಲು ಔಟಾಗೋರು ಯಾರು? ಮೈಭಾರದ ಹುಡುಗ, ಅಂಜುಬುರುಕಿ ಹುಡುಗಿ. ಯಾರಿಗೆ ಓಡಾಟ ಜಾಸ್ತಿ ಬೇಕೋ ಅವರೇ ಮೂಲೆ ಸೇರ್ತಾರೆ. ಅದಕ್ಕೇ ನಮ್ಮಲ್ಲಿ ಔಟ್ ಇಲ್ಲ. ತಪ್ಪಿದವರು ಓಡಿಹೋಗಿ ಬೇವಿನ ಮರ ಮುಟ್ಟಿ ಬಂದು ಮತ್ತೆ ಸೇರಬೇಕು. ಮರ ಮುಟ್ಟೋ ಆಸೆಗೆ ಕೆಲವರು ಬೇಕಂತಲೇ ತಪ್ಪುತ್ತಾರೆ. ತಪ್ಪಲಿ ಬಿಡಿ, ಓಡ್ತಾರಲ್ವಾ!

ಕುಂಟಾಬಿಲ್ಲೆಗೂ ಅಷ್ಟೇ. ಒಂದೇ ಕಡೆ ಮನೆ ಬರೆದರೆ ಒಬ್ಬಳು ಕುಂಟುತ್ತಾಳೆ, ಉಳಿದವರೆಲ್ಲ ನೋಡುತ್ತಾ ನಿಲ್ಲುತ್ತಾರೆ. ನಾಲ್ಕೈದು ಕಡೆ ಬರೆಯಿರಿ, ಒಂದೊಂದಕ್ಕೆ ಮೂವರು ಸಾಕು. ಬಿಲ್ಲೆಗೆ ಹೆಂಚಿನ ಚೂರು ಕೊಡುವಾಗ ಅಂಚನ್ನು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ. ಒಂದನೇ ತರಗತಿಯವರಿಗೆ ಒಂಟಿ ಕಾಲು ಬೇಗ ಸೋಲುತ್ತದೆ. ಎರಡೂ ಕಾಲಲ್ಲಿ ಜಿಗಿಯಲಿ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೆಲ್ಲ ಒಂದೇ ಪೀರಿಯಡ್‌ನಲ್ಲಿ ಮುಗಿಯಬೇಕಿಲ್ಲ. ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ, ಸಂಜೆ ಬೆಲ್ಲಿಗೆ ಮುಂಚೆ ಸ್ವಲ್ಪ, ಪಾಠದ ನಡುವೆ ಇನ್ನಷ್ಟು. ನಲಿಕಲಿ ಶುರುವಾಗಿದ್ದೇ ನಮ್ಮ ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಆಡುತ್ತಾ ಕಲಿಯೋದು ಈ ಸೀಮೆಗೆ ಹೊಸದೇನಲ್ಲ. ನೆಲದ ಮೇಲೆ ಅಂಕಿ ಬರೆಯಿರಿ. 'ಏಳಕ್ಕೆ ಎರಡು ಸೇರಿಸಿದರೆ?' ಅಂತ ಕೇಳಿ. ಒಂಬತ್ತರ ಮೇಲೆ ಹಾರಿ ನಿಲ್ಲಲಿ.

ಹೋಂವರ್ಕ್ ಮಾಡಿಲ್ಲ ಅಂತ ಆಟ ಬಿಡಿಸಬೇಡಿ. ಬಸ್ಕಿ ಹೊಡೆಸೋದೂ ಬೇಡ. ಮೈ ಬಗ್ಗಿಸೋದು ಅಂದರೆ ಅವಮಾನ ಅಂತ ಎಳೇ ಮನಸ್ಸಿಗೆ ನಾಟಿಬಿಡುತ್ತದೆ. ಹುಡುಗರ ಕೈಗೆ ಚೆಂಡು, ಹೆಣ್ಣುಮಕ್ಕಳ ಕೈಗೆ ಪೊರಕೆ ಕೊಡುವ ಅಭ್ಯಾಸ ಎಲ್ಲೇ ಇದ್ದರೂ ಇವತ್ತೇ ನಿಲ್ಲಿಸಿ. ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಾರ್ಚ್ ಬಂತು ಅಂದರೆ ಆಟ ಬೆಳಿಗ್ಗೆಯೇ ಮುಗಿಯಲಿ. ಬಿಸಿಯೂಟ ಆದ ತಕ್ಷಣ ಓಡಿಸಬೇಡಿ. ನಡುನಡುವೆ ನೀರು ಕುಡಿಸಿ. ಹವಾಯಿ ಚಪ್ಪಲಿಯಲ್ಲಿ ಓಡಿದರೆ ಜಾರುತ್ತಾರೆ, ಬರಿಗಾಲೇ ವಾಸಿ. ಅದಕ್ಕೆ ಮೊದಲು ನೀವೇ ಒಂದು ಸುತ್ತು ಹೋಗಿ ಮುಳ್ಳು, ಗಾಜಿನ ಚೂರು ಆರಿಸಿಬಿಡಿ.